ಲಂಗದೊಳಗಿನ ತೂಕದ ಕಲ್ಲು

ಸೇರು ಹೋಗಿ ಕಿಲೋ ಬರುವುದಕ್ಕೆ ಮೊದಲಿನ ಕಾಲ. ಗುಬ್ಬಿಯ ಕೊಬ್ಬರಿ ಮಂಡಿ ಅಣ್ಣಯ್ಯಪ್ಪನವರ ಹೆಂಡತಿ ಭದ್ರಮ್ಮನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ, ಒಂದೇ ಒಂದು ಕೊರಗು ಬಿಟ್ಟರೆ. ನಾಲ್ಕು ವರ್ಷದ ಮಗಳು ಹೊಂಬಾಳೆ ತೆಳ್ಳಗಿದ್ದಳು. ಓರಗಿತ್ತಿ ಸಿದ್ದಗಂಗಮ್ಮನ ಮಗನೋ, ಗುಂಡುಕಲ್ಲು! "ಮಂಡೀಲಿ ಕೊಬ್ಬರಿ, ಮನೇಲಿ ಕಡ್ಡಿ" ಎಂದು ಆಕೆ ನಕ್ಕಾಗೆಲ್ಲ ಭದ್ರಮ್ಮನ ಮುಖ ಹುಳ್ಳಗಾಗುತ್ತಿತ್ತು. ಉಣ್ಣೋಕಿಲ್ಲದ ಮನೆ ಎಂದು ಊರು ಆಡಿಕೊಂಡರೆ?

ಅದಕ್ಕೇ ಪ್ರತಿ ಸೋಮವಾರ ಮಗುವನ್ನು ಮಂಡಿಯ ತಕ್ಕಡಿಯಲ್ಲಿ ಕೂರಿಸಿ ತೂಗುವುದು. ಓಡಿದರೆ ತಿಂದದ್ದು ಕರಗೀತೆಂದು ಆಟಕ್ಕೆ ಬಿಡದಿರುವುದು. ಮುದ್ದೆಯಿಂದ ಮೈ ಬರುವುದಿಲ್ಲವೆಂದು ಮೂರು ಹೊತ್ತೂ ತುಪ್ಪದ ಅನ್ನ. ಬಾಯಿ ಮುಚ್ಚಿದರೆ ಮೂಗು ಹಿಡಿದು ತುರುಕುವುದು.

"ನುಂಗೇ ಕಡ್ಡಿ, ನನ್ನ ಮಾನ ಕಳೀಬೇಡ!"

ಒಂದು ಸೋಮವಾರ ಶಿಶುವಿಹಾರದ ಟೀಚರ್ ಗಂಗಲಕ್ಷ್ಮಮ್ಮ ಮಂಡಿಗೇ ಬಂದರು.

"ಮಗೂನ ನಮ್ಮಲ್ಲಿಗೆ ಕಳಿಸಿ ಭದ್ರಮ್ಮ. ಎಲ್ಲರ ಜೊತೆ ಆಡ್ಕೊಂಡಿರ್ತಾಳೆ."

"ಕುಣಿಸಿ ಕುಣಿಸಿ ಇರೋ ಮೈನೂ ಕರಗಿಸ್ತೀರ?"

"ಈ ವಯಸ್ಸಲ್ಲಿ ಮಕ್ಕಳು ಉದ್ದಕ್ಕೆ ಬೆಳೀತವೆ ಕಣಮ್ಮ, ದಪ್ಪಕ್ಕಲ್ಲ. ಆಡಿದ್ರೆ ತಾನೇ ಹಸಿವು?"

"ಅವೆಲ್ಲ ಪುಸ್ತಕದ ಮಾತು ಬುಡಿ. ನನ್ನ ಕೈಯೂಟ ಏನು ಮಾಡೈತೆ ಅಂತ ಇಲ್ಲಿ ನೋಡಿ! ಹತ್ತೇ ಕಡ್ಡಿ!" ಎಂದು ಭದ್ರಮ್ಮ ಮಗಳನ್ನು ತಕ್ಕಡಿಗೆ ಏರಿಸಿದಳು.

ಒಂದೇ ವಾರಕ್ಕೆ ಒಂದು ಸೇರು ಜಾಸ್ತಿ! ಭದ್ರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಸಿದ್ದಗಂಗಕ್ಕ, ಬಂದು ನೋಡು ಬಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಮಗು ತಕ್ಕಡಿಯಿಂದ ಇಳಿಯಿತು. ಠಣ್! ಲಂಗದೊಳಗಿಂದ ಒಂದು ಸೇರಿನ ತೂಕದ ಕಲ್ಲು ನೆಲಕ್ಕೆ ಬಿತ್ತು. ಹಮಾಲಿಗಳು ಗೊಳ್ಳೆಂದು ನಕ್ಕರು.

"ಬೈಬೇಡಮ್ಮ," ಹೊಂಬಾಳೆ ಬಿಕ್ಕಿದಳು. "ದಪ್ಪ ಆದ್ರೆ ನೀನು ಮೂಗು ಹಿಡಿಯಲ್ವಲ್ಲ, ಅದಕ್ಕೆ ಇಟ್ಕೊಂಡೆ."

ಲಂಗ ಸರಿಸಿ ನೋಡಿದರೆ, ಕಲ್ಲು ಒತ್ತಿ ಹೊಟ್ಟೆಯ ಮೇಲೆ ಕೆಂಪಗೆ ಗುರುತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಭದ್ರಮ್ಮನಿಗೆ. ಮಗಳು ಸಣ್ಣಗಿದ್ದಾಳೆಂದು ಇಷ್ಟು ದಿನ ಪಟ್ಟ ನಾಚಿಕೆ ಈ ನಾಚಿಕೆಯ ಮುಂದೆ ಯಾವ ಲೆಕ್ಕ?

"ಸಣ್ಣಗಿದ್ರೆ ಜನ ಆಡ್ಕೋತಾರೆ ಅಂತ ಹಿಂಗೆ ಮಾಡ್ದೆ ಟೀಚರಮ್ಮ," ಎಂದಳು ತಲೆಯೆತ್ತದೆ.

"ಜನ ಇರಲಿ, ಕಡ್ಡಿ ಅಂತ ನೀವೇ ಆಡ್ಕೋತಿದ್ದೀರಲ್ವೇನಮ್ಮ?"

ಭದ್ರಮ್ಮ ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಗಂಗಲಕ್ಷ್ಮಮ್ಮ ಪಕ್ಕದಲ್ಲೇ ಮೂಟೆಯ ಮೇಲೆ ಕೂತು ಹೇಳಿದರು: "ದಿನಾ ಎರಡು ಮೂರು ಗಂಟೆ ಓಡಲಿ, ಮಣ್ಣಲ್ಲಿ ಆಡಲಿ. ಮುದ್ದೆ, ಸೊಪ್ಪಿನ ಸಾರು, ಬೇಳೆ, ಬಾಳೆಹಣ್ಣು ಎಲ್ಲಾನೂ ಸ್ವಲ್ಪ ಸ್ವಲ್ಪ ಕೊಡಿ. ಬಡಿಸೋದು ನಿಮ್ಮ ಕೆಲಸ, ಸಾಕು ಅನ್ನೋದು ಅವಳ ಹೊಟ್ಟೆ ಕೆಲಸ. ತೂಕ ನೋಡೋಕೆ ಆಸ್ಪತ್ರೆ ಐತೆ. ತೂಕ ಇಳೀತಾ ಹೋದ್ರೆ ಡಾಕ್ಟರಿಗೆ ತೋರಿಸಿ. ಆ ಅಡ್ಡಹೆಸರು ಮಾತ್ರ ಇವತ್ತೇ ಬಿಟ್ಬಿಡಿ."

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅಣ್ಣಯ್ಯಪ್ಪನವರು ಎದ್ದು ಬಂದು, "ನಾಳೆಯಿಂದ ನಾನೇ ಮಗೂನ ಶಿಶುವಿಹಾರಕ್ಕೆ ಬಿಟ್ಟು ಬರ್ತೀನಿ" ಎಂದರು.

ಹದಿನೈದು ದಿನ ಕಳೆದಿರಬೇಕು. ಆಡಿ ದಣಿದು ಬಂದ ಹೊಂಬಾಳೆ ತಟ್ಟೆಯ ಮುಂದೆ ತಾನಾಗಿ ಕೂತು, "ಅಮ್ಮ, ಇನ್ನೊಂಚೂರು ಮುದ್ದೆ" ಎಂದಳು. ಆಮೇಲೆ "ಸಾಕು" ಎಂದಳು. ಭದ್ರಮ್ಮನ ಕೈ ಅಭ್ಯಾಸಬಲದಿಂದ ಮೂಗಿನತ್ತ ಹೋಯಿತು. ಮಗು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಭದ್ರಮ್ಮ ನಾಚಿ ಕೈ ಹಿಂದೆಳೆದು, ಸೆರಗಿನಿಂದ ಅದರ ಬಾಯಿ ಒರೆಸಿದಳು.

"ಏನೇ ಭದ್ರಿ, ಇವತ್ತು ಸೋಮವಾರ, ತೂಗಲ್ವೇನೇ?" ಸಿದ್ದಗಂಗಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಅವಳು ಕೊಬ್ಬರಿ ಅಲ್ಲ ಕಣಕ್ಕ. ನೀನೂ ನಿನ್ನ ಮಗನ್ನ ಗುಂಡ ಗುಂಡ ಅನ್ಬೇಡ. ಅವನಿಗೂ ಕಿವಿ ಅವೆ."

ತಾಯಂದಿರೇ, ತಂದೆಯರೇ, ಮಕ್ಕಳನ್ನು ಆಡಲು ಬಿಡಿ. ಹಸಿದಾಗ ಉಣಿಸಿ, ಸಾಕೆಂದಾಗ ನಿಲ್ಲಿಸಿ. ನಿಮ್ಮ ಮನೆಯಲ್ಲಿ ತಕ್ಕಡಿ ಇಲ್ಲದಿರಬಹುದು, ನಾಲಿಗೆ ಇದೆಯಲ್ಲ? ಅದರಲ್ಲಿ ನಿಮ್ಮ ಮಗುವನ್ನು ತೂಗಬೇಡಿ.