ಮಣ್ಣಿಗೆ ಒಪ್ಪುವ ಬಟ್ಟೆ

ಶಾಲಿನ ಒಂದು ತುದಿ ಮಹಾದೇವಿಯ ಕೈಯಲ್ಲಿತ್ತು, ಇನ್ನೊಂದು ತುದಿ ಮೈದುನ ಅನಿಲನ ಮುಷ್ಟಿಯಲ್ಲಿ. ನಡುವೆ, ಹೂಳಲು ತೋಡಿದ ಕುಣಿಯ ಅಂಚಿಗೆ ಇಟ್ಟ ಕುರ್ಚಿಯಲ್ಲಿ, ಹತ್ತಿಯ ಧೋತರ ಉಟ್ಟು, ಬರಿಮೈಗೆ ವಿಭೂತಿ ಬಳಿಸಿಕೊಂಡ ಅವಳ ಗಂಡ ಈಶ್ವರ ಕಣ್ಣು ಮುಚ್ಚಿ ಕೂತಿದ್ದ. ಬದುಕಿದ್ದಾಗಲೂ ಇವರಿಬ್ಬರ ಜಗಳದ ನಡುವೆ ಅವನು ಹೀಗೇ ಕೂರುತ್ತಿದ್ದ.

“ಬಿಡ್ರಿ ವೈನಿ. ಮಲಾಡದಾಗ ಅಂಗಡಿ ಅಂಗಡಿ ತಿರುಗಿ ತಂದೇನಿ. ಅಪ್ಪಟ ರೇಶ್ಮಿ.”

“ರೇಶ್ಮಿ ಅಲ್ಲೋ ಅನಿಲ. ಮಣ್ಣಾಗ ಕೊಳೆಯಂಗಿಲ್ಲ ಇದು.”

“ಕೊಳೆಯೂದಂತ! ನಮ್ಮಣ್ಣನ್ನ ಮುಂದ ಕುಂದ್ರಿಸಿಕೊಂಡು ಆಡೂ ಮಾತೇನು ಇದು?”

ಮಗಳು ಸ್ನೇಹಲ್ ತಾಯಿಯ ಮೊಣಕೈ ಹಿಡಿದಳು. “ಮಮ್ಮೀ, ಜಾನೇ ದೋ ನಾ, ಬಿಟ್ಟುಬಿಡು. ಕಾಕಾಗೆ ಬೇಜಾರ್ ಆಗ್ತದೆ.”

ಮಹಾದೇವಿ ದಣಿದಿದ್ದಳು. ಆಸ್ಪತ್ರೆಯ ಬೆಂಚು, ಆಂಬುಲೆನ್ಸಿನ ಸೈರನ್ನು, ಎದೆನೋವು ಹೇಗೆ ಬಂತೆಂದು ಕೇಳಿದವರಿಗೆಲ್ಲ ಅದೇ ಉತ್ತರ. ಬಿಟ್ಟುಬಿಡಲೇ ಅನ್ನಿಸಿತು. ಕೈ ಮಾತ್ರ ಬಿಡಲಿಲ್ಲ.

*

ವಿಕ್ರೋಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಈಶ್ವರ ಬಾಳೆದಿಂಡಿನ ನಾರಿಗೆ ಗೋವಿನಜೋಳದ ಹಿಟ್ಟು ಕಲಸಿ, ಪ್ಲಾಸ್ಟಿಕ್ಕಿಗೆ ಬದಲಿ ಹಾಳೆ ಮಾಡುತ್ತಿದ್ದ. ಮಣ್ಣಿಂದ ಬಂದದ್ದು ಮಣ್ಣಿಗೆ ಮರಳಿ, ಅದೇ ಮಣ್ಣಲ್ಲಿ ಮತ್ತೆ ಬಾಳೆ ಏಳಬೇಕು ಎಂಬುದು ಅಲ್ಲಿಯವರ ಲೆಕ್ಕ. ಕಾರ್ಖಾನೆಯಲ್ಲಿ ಜಾಗ ಸಾಲದೆಂದು ಹಾಳೆಯ ತುಂಡುಗಳನ್ನು ಚಾಳಿನ ಮನೆಗೆ ತಂದು ಗ್ಯಾಲರಿಯ ಕುಂಡಗಳಲ್ಲಿ ಹೂಳುತ್ತಿದ್ದ. ಹೋಲಿಸಿ ನೋಡಲು ಪಕ್ಕದಲ್ಲೊಂದು ಪಾಲಿಯೆಸ್ಟರ್ ಚೂರು. ತುಳಸಿಗೂ ಕುಂಡ ಉಳಿಯಲಿಲ್ಲ.

“ಇದು ಮನಿಯೋ, ಸುಡಗಾಡೋ?” ಎಂದು ಮಹಾದೇವಿ ರೇಗಿದರೆ, “ಬಾಣಂತಿ ಖೋಲಿ ಅನ್ನು” ಎಂದು ನಗುತ್ತಿದ್ದ.

ಬಟ್ಟೆ ಎಂಥದೆಂದು ತಿಳಿಯಲು ದಾರ ಕಿತ್ತು ಸುಡುವುದು ಅವನ ಅಭ್ಯಾಸ. ಅವಳ ದೀಪಾವಳಿ ಸೀರೆಯ ಸೆರಗನ್ನೂ ಬಿಟ್ಟಿರಲಿಲ್ಲ. ಕುಂಡದಲ್ಲಿ ಹೂತ ಹಾಳೆಗಳು ಮಣ್ಣಲ್ಲಿ ಕರಗಿ ಹೋಗುತ್ತಿದ್ದವು. ಪಾಲಿಯೆಸ್ಟರ್ ಚೂರು ಪ್ರತಿಸಲ ಹೊಸದರಂತೆ ಹೊರಬರುತ್ತಿತ್ತು. ಅದನ್ನು ತೊಳೆದು ಒಣಹಾಕುವ ಪಾಳಿ ಮಹಾದೇವಿಯದು. ದುಬಾರಿಯೆಂದು ಹಾಳೆ ಕೊಳ್ಳುವವರು ಬರಲಿಲ್ಲ. ಈಶ್ವರ ಹೂಳುವುದನ್ನು ನಿಲ್ಲಿಸಲಿಲ್ಲ.

*

ಕುಣಿ ತೋಡಿದ ಆಳು ಅಂಗಾರ ಹಾರೆಗೆ ಒರಗಿ ನಿಂತಿದ್ದ. “ಇಲ್ಲಿ ಜಾಗ ಕಡಿಮೆ ಅಲ್ವಾ ಅಕ್ಕ. ಕೆಲವು ವರ್ಷ ಬಿಟ್ಟು ಇದೇ ಗುಂಡಿ ಮತ್ತೆ ತೆಗೀತೇವೆ, ಬೇರೆಯವರಿಗೆ.”

“ಕೇಳಿದೇನು?” ಮಹಾದೇವಿ ಅನಿಲನತ್ತ ತಿರುಗಿದಳು. “ಅವತ್ತು ಇವ್ರು ಇರಂಗಿಲ್ಲ, ನಿನ್ನ ಶಾಲು ಇರ್ತೈತಿ. ಇವ್ರು ಹೋಗಿ ಅದು ಉಳೀಬಾರದೋ.”

ಶಾಲಿನಿಂದ ಒಂದೆಳೆ ಕಿತ್ತು ಪೂಜೆಗೆ ಹಚ್ಚಿಟ್ಟ ದೀಪಕ್ಕೆ ಹಿಡಿದಳು. ಅದು ಮುದುಡಿ, ಕರಗಿ, ಸಾಸಿವೆಯಷ್ಟು ಕರಿ ಗುಂಡಾಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಊದಿನಕಡ್ಡಿಯನ್ನೂ ಮೀರಿ ಹರಡಿತು.

ಅನಿಲನ ಮುಷ್ಟಿ ಸಡಿಲಾಯಿತು. “ಹಲ್ಕಟ್ ಸೇಠ. ರೇಶ್ಮಿ ಅಂತ ಆಣಿ ಮಾಡಿದ್ದ.” ಆಮೇಲೆ, ಯಾರ ಮುಖವನ್ನೂ ನೋಡದೆ, “ಸಾಲಿಗೆ ಹೋಗುವಾಗ ನನ್ನ ಬಟ್ಟಿ ಎಲ್ಲಾ ಅಣ್ಣನೇ ಹೊಲಿಸಿದ. ನಾ ಅವಂಗ ಒಂದು ಬಟ್ಟಿ ಹೊದಸಬಾರದೇನು ವೈನಿ?” ಎಂದ.

ಮಹಾದೇವಿ ಶಾಲನ್ನು ಮಡಚಿ ಪಕ್ಕಕ್ಕಿಟ್ಟಳು.

ಅನಿಲ ತನ್ನ ಅಂಗಿಯ ಗುಂಡಿ ಬಿಚ್ಚಿದ. ಅಂಗಿಯ ದಾರ ಕಿತ್ತು ದೀಪಕ್ಕೆ ಹಿಡಿದ. ಕರಗಿತು. ಒಳಗಿನ ಬನಿಯನ್ನಿನ ದಾರ ಹಿಡಿದ. ಅದು ಕಾಗದದಂತೆ ಉರಿದು ಬೆರಳ ತುದಿಯಲ್ಲಿ ಬೂದಿಯಾಯಿತು. ಬನಿಯನ್ ಕಳಚಿ, ಪೂಜೆಗೆ ಬಂದಿದ್ದ ಜಂಗಮ ಚನ್ನಬಸಯ್ಯನವರತ್ತ ತಿರುಗಿದ.

“ಮೈಲಿಗಿ ಆಗ್ತೈತೇನ್ರಿ ಅಯ್ನೋರ? ಮುಂಜಾನಿಂದ ಬೆವತೇನಿ.”

“ಒಡಹುಟ್ಟಿದವನ ಬೆವರಪಾ. ಲಗೂ ಹೊದಸು, ಬಿಸಿಲು ಏರಾಕತ್ತೈತಿ.”

ಈಶ್ವರನನ್ನು ಇಳಿಸಿ ಕೂರಿಸಿದರು. ಅನಿಲನೇ ಕುಣಿಯೊಳಗಿಳಿದು ಬನಿಯನ್ನನ್ನು ಅಣ್ಣನ ಹೆಗಲಿಗೆ ಹೊದಿಸಿ, ಎರಡೂ ಕಡೆ ಎಳೆದು ಸಮ ಮಾಡಿ, ಮೇಲೆ ಬಂದ.

ಮಹಾದೇವಿ ಬಗ್ಗಿ ನೋಡಿದಳು. ಕಂಕುಳ ಬಳಿ ಬನಿಯನ್ ಹರಿದಿತ್ತು. ಆ ತೂತಿನಲ್ಲಿ ಗಂಡನ ಹೆಗಲು ಒಂದು ಬಿಲ್ವಪತ್ರೆಯಷ್ಟು ಕಾಣುತ್ತಿತ್ತು. ಅವಳು ಹಿಡಿಮಣ್ಣನ್ನು ಬೆರಳುಗಳ ನಡುವಿಂದ ಹಗುರಾಗಿ ಬಿಟ್ಟಳು. ಮಣ್ಣಿನ ಪುಡಿ ಹೆಗಲ ಮೇಲೆ ಜಾರಿ, ಆ ತೂತಿನೊಳಗೆ ಇಳಿಯಿತು.