ಎಡಗಡೆಯ ವಿಂಡೋ

ಯಾರೋ ಬಾಗಿಲನ್ನು ಮೂರು ಸಲ ಬಡಿದರು. ನಾಲ್ಕನೆಯ ಬಡಿತಕ್ಕೆ ಕಿವಿಗೊಟ್ಟು ಕುಳಿತ ದಾನೇಶ್ವರಿಗೆ ಅದು ಕೇಳಿಸಲೇ ಇಲ್ಲ.

ಖಾನಾಪುರದ ಆ ಓಣಿಯಲ್ಲಿ ರಾತ್ರಿ ಹತ್ತರ ಮೇಲೆ ಬಾಗಿಲು ಬಡಿಯುವವರು ಎರಡೇ ಬಗೆ: ದವಾಖಾನೆಗೆ ಗಾಡಿ ಕೇಳಲು ಬಂದವರು, ಇಲ್ಲವೇ ಸಾವಿನ ಸುದ್ದಿ ಹೊತ್ತವರು. ಅವಳ ತಾಯಿ ಬಸವಣ್ಣೆವ್ವ ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ ನಿಂತಳು.

“ಯಾರದು?”

“ನಾನ್ರಿ, ಪಾರಿಶ್ವಾಡದ ಸರದಾರಸಾಬ. ನಿಮ್ಮ ಮಗಳನ್ನ ಕರೀರಿ.”

ಆ ಹೆಸರು ಕೇಳಿ ತಾಯಿ ಮಗಳ ಮುಖ ನೋಡಿದಳು. ಮಗಳು ಎದ್ದು ಬಂದು ತಾನೇ ಚಿಲಕ ತೆಗೆದಳು.

ಹೊಸ್ತಿಲಾಚೆ ನಿಂತ ಮುದುಕರ ಅಂಗಿಯ ಮೇಲೆಲ್ಲ ಬೈಕಿನ ಹಾದಿಯ ಧೂಳು. ಅವರು ಒಳಗೆ ಕಾಲಿಡಲಿಲ್ಲ. ಎಡಗೈಯಲ್ಲಿ ಒಂದು ಮೊಬೈಲನ್ನು ಮುಂದೆ ಚಾಚಿದರು.

“ಎಡಗೈಲೆ ಕೊಟ್ಟೆ ಅಂತ ಸಿಟ್ಟಾಗಬ್ಯಾಡ್ರಿ ಬಾಯಾರ. ಮೊದಲಿಂದ ರೂಢಿ.”

“ಏನ್ರಿ ಚಾಚಾ ಇದು?”

“ನನ್ನ ಮಗನ ಫೋನ್ರಿ. ಒಂದು ಫೋಟೋ ಐತಿ, ನೋಡ್ರಿ. ನಾಳೆ ಹನ್ನೊಂದಕ್ಕ ನಾನೂ ಅಲ್ಲೇ ಇರ್ತೀನಿ.”

“ಒಳಗ ಬಂದು ಕುಂದರ್ರಿ. ಒಂದು ಕಪ್ಪು ಚಾ ಆದ್ರೂ…”

“ಈ ಮನಿ ಚಾ ಕುಡಿಯೂದೋ ಬಿಡೂದೋ, ನಾಳೆ ಹನ್ನೊಂದರ ಮ್ಯಾಲ ಗೊತ್ತಾಗತೈತಿ.”

ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕರಗಿತು.

ಅವರ ಮಗ ಶಾಕಿರ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕಕ್ಕೆ ಮರದ ಅಚ್ಚುಗಳನ್ನು ಕೆತ್ತುವ ಪಳಗಿದ ಬಡಗಿ. ಅದೇ ಫೌಂಡ್ರಿಯ ಮಾಳಿಗೆಯ ಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವಳು ದಾನೇಶ್ವರಿ. ಹತ್ತು ದಿನದ ಹಿಂದೆ ಒತ್ತಡದ ಪರೀಕ್ಷೆಗೆ ಇಟ್ಟಿದ್ದ ದೊಡ್ಡ ಪಂಪಿನ ಕವಚವೊಂದು ಸಿಡಿದು, ಪಕ್ಕದಲ್ಲಿ ನಿಂತಿದ್ದ ಶಾಕಿರನ ಒಂದು ಕಣ್ಣು ಹೋಯಿತು. ದವಡೆ ಮುರಿಯಿತು, ವೈದ್ಯರು ತಂತಿ ಬಿಗಿದಿದ್ದರಿಂದ ಮಾತಿಲ್ಲ. ಬರೆದು ತಿಳಿಸೋಣವೆಂದರೆ ಬರೆಯುವ ಕೈಗೂ ಪಟ್ಟಿ.

ಒಡೆದ ಚೂರುಗಳನ್ನು ಅಳೆದಾಗ ಕಾರಣ ಸಿಕ್ಕಿತು. ಹದಿನಾಲ್ಕು ಮಿಲಿಮೀಟರು ಇರಬೇಕಾದ ಕವಚದ ಗೋಡೆ ಎಂಟೇ ಮಿಲಿಮೀಟರು ದಪ್ಪವಿತ್ತು. ಹೊರಗಿನ ಆಕಾರ ಸರಿಯಾಗಿದ್ದು ಒಳಗಷ್ಟೇ ಟೊಳ್ಳು ಹಿಗ್ಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದೊಡ್ಡ ಅಚ್ಚುಗಳನ್ನು ಈಗ ಯಂತ್ರವೇ ನಕ್ಷೆಯ ಫೈಲು ನೋಡಿ ಕೊರೆಯುತ್ತದೆ. ಫೈಲಿನಲ್ಲಿ ಎಂಟು ಎಂದಿದ್ದರೆ ಎಂಟು. ಆ ಎಂಟನ್ನು ಬರೆದು ಉಳಿಸಿದ್ದು ಮೂರು ವಾರದ ಹಿಂದಿನ ಬುಧವಾರ, ಮಧ್ಯಾಹ್ನ ಒಂದು ಗಂಟೆ ಹದಿನೇಳು ನಿಮಿಷಕ್ಕೆ. ಬರೆದ ಕಂಪ್ಯೂಟರು ದಾನೇಶ್ವರಿಯದು. ದಾಖಲಾದ ಹೆಸರೂ ದಾನೇಶ್ವರಿಯದೇ.

ನಾಳೆ ಹನ್ನೊಂದಕ್ಕೆ ವಿಚಾರಣೆ. ವರದಿಯಲ್ಲಿ ಒಂದು ಹೆಸರು ಬರೆಯಬೇಕು. ಅದು ಪೊಲೀಸರಿಗೆ ಹೋಗಬೇಕು. ಎಂಟು ವರ್ಷದ ನೌಕರಿ ಹೋದರೆ ಇನ್ನೊಂದು ಸಿಕ್ಕೀತು. ‘ದುಡಿಯುವವನ ಕಣ್ಣು ಕಳೆದವಳು’ ಎಂಬ ಹೆಸರು ಒಮ್ಮೆ ಅಂಟಿದರೆ ಅದನ್ನು ತೊಳೆಯುವ ನೀರು ಮಲಪ್ರಭೆಯಲ್ಲೂ ಇಲ್ಲ.

ತಾನು ಆ ಅಳತೆಯನ್ನು ಮುಟ್ಟಿಲ್ಲವೆಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಆ ಹೊತ್ತಿಗೆ ಡಬ್ಬಿ ಹಿಡಿದು ಒಬ್ಬಳೇ ತಾರಸಿಯ ಮೇಲೆ ಊಟಕ್ಕೆ ಹೋಗಿದ್ದಳು, ಕಂಡವರಿಲ್ಲ. ಕಂಪ್ಯೂಟರಿಗೆ ಬೀಗ ಹಾಕಿರಲಿಲ್ಲ. ಅವಳು ಎಂದೂ ಹಾಕಿದವಳಲ್ಲ. ಪರದೆಯ ಮೇಲೆ ಯಾವಾಗಲೂ ಹದಿನೆಂಟು, ಇಪ್ಪತ್ತು ವಿಂಡೋಗಳು ತೆರೆದೇ ಇರುತ್ತಿದ್ದವು: ನಕ್ಷೆಗಳು, ತೂಕದ ಪಟ್ಟಿ, ಅರ್ಧ ಬರೆದ ಪತ್ರ, ಖಾನಾಪುರದ ರೈಲಿನ ವೇಳೆ, ನಿಲ್ಲಿಸಿ ಮರೆತ ಹಾಡು. ಒಂದರ ಮೈಮೇಲೆ ಇನ್ನೊಂದು, ಅದರ ಕೆಳಗಿನಿಂದ ಮತ್ತೊಂದರ ಸೆರಗು. “ಅಕ್ಕಾರ, ಇದು ಸ್ಕ್ರೀನೋ, ಖಡೇಬಜಾರೋ?” ಎಂದು ಪಕ್ಕದ ಮೇಜಿನ ರೋಹನ ದಿನಕ್ಕೊಮ್ಮೆಯಾದರೂ ಕುಟುಕುತ್ತಿದ್ದ. “ಎಲ್ಲಾ ಮುಚ್ಚಿದ್ರ ಎಲ್ಲಿದ್ದೆ ಅಂತ ಮರತಹೋಗತೈತೋ,” ಎನ್ನುತ್ತಿದ್ದಳು ಅವಳು.

ಹಾಸಿಗೆಯ ಮೇಲೆ ಕುಳಿತು ಫೋಟೋ ತೆರೆದಳು.

ತೆಗೆದ ದಿನ ಅದೇ ಬುಧವಾರ. ಹೊತ್ತು ಒಂದು ಗಂಟೆ ಹದಿನಾರು ನಿಮಿಷ. ಚಿತ್ರದಲ್ಲಿರುವುದು ಅವಳದೇ ಪರದೆ.

ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಮುದ್ರಿತ ಹಾಳೆಗೆ ಕಾಯುವ ತಾಳ್ಮೆ ಕೆಳಗಿನ ಬಡಗಿಗಳಿಗಿಲ್ಲ. ಮಾಳಿಗೆ ಹತ್ತಿ ಬಂದು ಪರದೆಯ ಫೋಟೋ ಹೊಡೆದುಕೊಂಡು ಇಳಿಯುವುದು ಅಲ್ಲಿ ನಿತ್ಯದ ಪದ್ಧತಿ. ಆದರೆ ಈ ಪರದೆಯಲ್ಲಿ ಅವಳ ಸಂತೆ ಇರಲಿಲ್ಲ. ಎಲ್ಲ ವಿಂಡೋಗಳನ್ನೂ ಕೆಳಗಿನ ಪಟ್ಟಿಗೆ ಇಳಿಸಿ, ಎರಡನ್ನು ಮಾತ್ರ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಗೆರೆ ಹೊಡೆದಂತೆ ನಿಲ್ಲಿಸಲಾಗಿತ್ತು. ಎರಡೂ ಪಂಪಿನ ನಕ್ಷೆಗಳೇ: ಎಡಕ್ಕೆ ಸಿಡಿದ ದೊಡ್ಡ ಪಂಪಿನದು, ಬಲಕ್ಕೆ ಇನ್ನೊಂದು ಸಣ್ಣ ಪಂಪಿನದು. ಎಡಗಡೆಯದರಲ್ಲಿ ಗೋಡೆಯ ದಪ್ಪದ ಚೌಕ ತೆರೆದಿತ್ತು, ಅದರೊಳಗೆ ಎಂಟು. ಫೈಲಿನ ಹೆಸರಿನ ಪಕ್ಕದ ಚುಕ್ಕಿ, ಬದಲಾವಣೆ ಇನ್ನೂ ಉಳಿಸಿಲ್ಲವೆಂದು ಹೇಳುತ್ತಿತ್ತು. ಒಂದೇ ನಿಮಿಷದಲ್ಲಿ ಉಳಿಸಿದ್ದಾರೆ.

ಅಂದರೆ ಆ ಕ್ಷಣದಲ್ಲಿ ಕುರ್ಚಿಯ ಮೇಲೆ ಒಬ್ಬರು ಇದ್ದರು. ಶಾಕಿರ ಹಿಂದೆ ನಿಂತು ಫೋಟೋ ಹೊಡೆದಿದ್ದಾನೆ. ಯಾರೆಂದು ಕಂಡಿದ್ದಾನೆ. ಕಂಡವನ ಬಾಯಿಗೆ ತಂತಿ ಬಿಗಿದಿದೆ!

ಮಾಳಿಗೆಯಲ್ಲಿ ಕೂರುವವರು ಮೂವರೇ. ತಾನು, ರೋಹನ, ಹಿರಿಯರಾದ ಬಸಲಿಂಗಪ್ಪನವರು. ನಾಳಿನ ವಿಚಾರಣೆಗೆ ಅವರೇ ಮುಖ್ಯಸ್ಥರು. ತನ್ನನ್ನು ಬಿಟ್ಟರೆ ಉಳಿದದ್ದು ಎರಡು ಹೆಸರು. ವಿಂಡೋಗಳನ್ನು ಹೀಗೆ ಎರಡು ಹೋಳು ಮಾಡಿ ನಿಲ್ಲಿಸುವ ಉಪಾಯವನ್ನು ತಾನೇ ಯಾರಿಗೋ ಕಲಿಸಿದಂತೆ ಮಸುಕಾದ ನೆನಪು. ಯಾರಿಗೆ? ಬೆಳಗಿನ ಬಸ್ಸು ಮಚ್ಛೆ ದಾಟಿ, ಫೌಂಡ್ರಿಯ ಮಾಳಿಗೆ ಹತ್ತಿದರೂ ಅದು ತಿಳಿಯಾಗಲಿಲ್ಲ.

ರೋಹನ ಆಗಲೇ ಬಂದು ಕುಳಿತಿದ್ದ. ಅವಳು ಮೊಬೈಲನ್ನು ಅವನ ಮುಂದೆ ಇಟ್ಟು, ಮುಖದಿಂದ ಕಣ್ಣು ತೆಗೆಯದೆ ಕೇಳಿದಳು:

“ಆ ಬುಧವಾರ ಊಟದ ಹೊತ್ತಿನಾಗ ನನ್ನ ಕುರ್ಚಿ ಮ್ಯಾಲ ಕುಂತಿದ್ಯೇನು?”

“ನಾ ಯಾಕ ಕುಂದರ್ಲಿ? ಒಂದಕ್ಕ ಕ್ಯಾಂಟೀನಿಗೆ ಹೋದಾಂವ ಎರಡಕ್ಕ ಬಂದೆ. ಕ್ಯಾಮೆರಾದಾಗ ಐತಿ, ಪೊಲೀಸರಿಗೂ ತೋರಿಸ್ತೀನಿ.” ಅವನು ಫೋಟೋವನ್ನು ಹಿಗ್ಗಿಸಿ ನೋಡಿ, ಹುಬ್ಬೇರಿಸಿದ. “ನನಗ ಎರಡು ಸ್ಕ್ರೀನ್ ಅದಾವ್ರಿ, ಒಂದನ್ನ ಯಾಕ ಹೋಳು ಮಾಡ್ಲಿ? ಆದ್ರ ಅಕ್ಕಾರ, ಇದು ನೀವೂ ಅಲ್ಲ.”

“ಹೆಂಗ ಹೇಳ್ತಿ?”

“ನೀವು ಜನ್ಮದಾಗ ವಿಂಡೋ ಇಷ್ಟು ನೀಟಾಗಿ ಇಟ್ಟೀರೇನು?”

ಬೇರೆ ದಿನವಾಗಿದ್ದರೆ ಅವಳು ಮಾತಿಗೆ ಮಾತು ಕೊಡುತ್ತಿದ್ದಳು. ಇಂದು ಆ ಕುಟುಕೇ ಅವಳ ಪಾಲಿನ ಮೊದಲ ಸಾಕ್ಷಿಯಾಗಿತ್ತು.

ಉಳಿದದ್ದು ಒಂದು ಹೆಸರು. ಕೈಹಿಡಿದು ಕೆಲಸ ಕಲಿಸಿದವರ ಹೆಸರು.

ಬಸಲಿಂಗಪ್ಪನವರು ಕನ್ನಡಕ ಏರಿಸಿ ಬಹಳ ಹೊತ್ತು ಫೋಟೋ ನೋಡಿದರು. ಹಲಗೆಯ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆದ ಕಾಲದವರು ಅವರು. ಕಂಪ್ಯೂಟರಿನಲ್ಲಿ ಒಂದನ್ನು ಮುಚ್ಚಿ, ಮುಚ್ಚಿತೆಂದು ಮತ್ತೊಮ್ಮೆ ನೋಡಿ, ಆಮೇಲೆ ಇನ್ನೊಂದನ್ನು ತೆರೆಯುವವರು.

“ನನ್ನ ಮ್ಯಾಲ ಸಂಶಯ ಬಂತೇನವ್ವಾ?” ಎಂದರು ತಲೆಯೆತ್ತದೆ.

ದಾನೇಶ್ವರಿ ಅವರ ಎದುರಿನ ಸ್ಟೂಲಿನ ಮೇಲೆ ಕುಳಿತಳು.

“ಬರ್ಲಿ, ತಪ್ಪಲ್ಲ. ಎರಡು ನಕ್ಷೆ ಒಮ್ಮೆಲೆ ತೆರಿಯಾಕ ನನಗ ಬಂದಿದ್ರ ಎಂಟು ವರ್ಷದ ಹಿಂದ ನಿನ್ನ ಯಾಕ ಕೆಲಸಕ್ಕ ಇಟ್ಕೋತಿದ್ದೆ?” ಬೆರಳಿನಿಂದ ಫೋಟೋದ ಕೆಳಗಿನ ಅಂಚನ್ನು ಮುಟ್ಟಿದರು. “ಇದೇನು, ಮೌಸ್ ಕೀಬೋರ್ಡಿನ ಎಡಕ್ಕ ಯಾಕೈತಿ?”

ಅಂಚಿನಲ್ಲಿ, ಅರ್ಧ ಕತ್ತರಿಸಿದಂತೆ, ಮೌಸು ಕಾಣುತ್ತಿತ್ತು. ಎಡಕ್ಕೆ. ಅವಳಿಗೆ ಥಟ್ಟನೆ ನೆನಪಾಯಿತು: ಅಂದು ಊಟ ಮುಗಿಸಿ ಬಂದಾಗ ಮೌಸು ಎಡಗಡೆಗಿತ್ತು. ಕಸ ಹೊಡೆಯುವ ಸತ್ಯವ್ವ ಮೇಜು ಒರೆಸಿರಬೇಕೆಂದುಕೊಂಡು ಬಲಕ್ಕೆ ಸರಿಸಿ, ಮರೆತುಬಿಟ್ಟಿದ್ದಳು.

“ಮಾಳಿಗಿ ಮ್ಯಾಲ ಎಡಚರು ಯಾರೂ ಇಲ್ಲಲ್ಲ,” ಎಂದರು ಬಸಲಿಂಗಪ್ಪನವರು.

ಆಗ ಗೋಡೆಯ ಗಡಿಯಾರ ಹನ್ನೊಂದು ತೋರಿಸಿತು. ಸರದಾರಸಾಬರು ಒಳಗೆ ಬಂದರು.

ವಿಚಾರಣೆಯ ಹಾಳೆಯಲ್ಲಿ ಹಾಜರಿದ್ದವರೆಲ್ಲ ಸಹಿ ಮಾಡಬೇಕಿತ್ತು. ಬಸಲಿಂಗಪ್ಪನವರು ಹಾಳೆಯನ್ನು ಮುದುಕರ ಕಡೆ ಸರಿಸಿ ಪೆನ್ನು ಕೊಟ್ಟರು. ಸರದಾರಸಾಬರು ಪೆನ್ನನ್ನು ಬಲಗೈಯಿಂದ ತೆಗೆದುಕೊಂಡು, ಎಡಗೈಗೆ ದಾಟಿಸಿಕೊಂಡು, ನಿಧಾನವಾಗಿ ಉರ್ದುವಿನಲ್ಲಿ ಹೆಸರು ಬರೆದರು. ರೋಹನ ನೋಡುತ್ತಿರುವುದನ್ನು ಕಂಡು, ಆ ದುಃಖದಲ್ಲೂ ಸಣ್ಣದಾಗಿ ನಕ್ಕರು.

“ಏನ್ ನೋಡ್ತೀರಿ? ನಮ್ಮ ಮನಿತನದಾಗ ಗಂಡಸರೆಲ್ಲಾ ಎಡಚರ. ಉಣ್ಣಾಕ ಬಲಗೈ, ದುಡಿಯಾಕ ಎಡಗೈ.”

ದಾನೇಶ್ವರಿಯ ಕೈಯಲ್ಲಿದ್ದ ಮೊಬೈಲು ಮೇಜಿನ ಮೇಲೆ ಬಿತ್ತು.

ಮಸುಕಾಗಿದ್ದ ನೆನಪು ಈಗ ಒಮ್ಮೆಲೇ ತಿಳಿಯಾಯಿತು. ತಿಂಗಳ ಹಿಂದಿನ ಒಂದು ಮಧ್ಯಾಹ್ನ. “ಅಕ್ಕಾರ, ಎರಡು ನಕ್ಷಾ ಒಮ್ಮೆಲೆ ನೋಡಾಕ ಬರತೈತೇನ್ರಿ?” “ಬರತೈತಿ ನೋಡು. ನೋಡೂದು ಎಡಕ್ಕ, ತಿದ್ದೂದು ಬಲಕ್ಕ.” “ನನಗ ಉಲ್ಟಾ ಬೇಕ್ರಿ. ಕಟಗಿ ಕೆತ್ತೂವಾಗೂ ಹಂಗ, ಕೆಲಸ ಎಡಕ್ಕ ಇರಬೇಕು.” ಕಲಿಸಿದ್ದು ಅವನೊಬ್ಬನಿಗೇ. ಫೋಟೋ ಹೊಡೆದವನು ಕುರ್ಚಿಯ ಹಿಂದೆ ನಿಂತಿರಲಿಲ್ಲ, ಕುರ್ಚಿಯ ಮೇಲೇ ಕುಳಿತಿದ್ದ.

ಆಮೇಲಿನದೂ ನೆನಪಾಯಿತು. ಸಣ್ಣ ಪಂಪಿನ ನಕ್ಷೆಯನ್ನು ಅವಳು ದೊಡ್ಡದರ ನಕಲಿನಿಂದಲೇ ಮಾಡಿದ್ದಳು. ಅದರಲ್ಲಿ ಗೋಡೆಯ ದಪ್ಪ ಹದಿನಾಲ್ಕೇ ಉಳಿದುಬಿಟ್ಟಿತ್ತು. ಅದನ್ನು ಹಿಡಿದು ತೋರಿಸಿದವನು ಅವನೇ: ಎಂಟು ಮಾಡಿಕೊಡಿ ಎಂದು ಮೂರು ದಿನ ಮಾಳಿಗೆ ಹತ್ತಿ ಇಳಿದಿದ್ದ. ‘ಈಗ ಮಾಡ್ತೀನಿ’ ಎಂದು ಅವಳು ಮೂರು ದಿನವೂ ಹೇಳಿದ್ದಳು. ಹದಿನೆಂಟು ವಿಂಡೋಗಳಡಿಯಲ್ಲಿ ಅದು ಹೂತುಹೋಗಿತ್ತು. ಆ ಬುಧವಾರ ಸಂಜೆ ಮೆಟ್ಟಿಲ ಮೇಲೆ ಎದುರಾದವನು, “ನಿಮ್ಮ ಕೆಲಸ ಒಂದು ಹಗರ ಮಾಡೀನ್ರಿ ಅಕ್ಕಾರ,” ಎಂದು ನಕ್ಕಿದ್ದ. ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. ಏನೆಂದು ಕೇಳಲಿಲ್ಲ.

ಅವಳು ತನ್ನ ಮೇಜಿಗೆ ಹೋಗಿ ಸಣ್ಣ ಪಂಪಿನ ಫೈಲು ತೆರೆದಳು. ಗೋಡೆಯ ದಪ್ಪ: ಹದಿನಾಲ್ಕು. ತಿದ್ದಬೇಕಾದ ಕಡೆ ತಿದ್ದುಪಡಿ ಆಗಿಯೇ ಇರಲಿಲ್ಲ. ಅದು ಪಕ್ಕದ ವಿಂಡೋದ ದೊಡ್ಡ ಪಂಪಿಗೆ ಹೋಗಿತ್ತು.

ಪರದೆಯ ಮೇಲೆ ಆನೆಯೂ ಆಡೂ ಒಂದೇ ಅಳತೆ. ಸಣ್ಣ ಪಂಪನ್ನು ತೆರೆದರೂ ವಿಂಡೋ ತುಂಬುತ್ತದೆ, ದೊಡ್ಡದನ್ನು ತೆರೆದರೂ ತುಂಬುತ್ತದೆ. ಬೇರೆ ಇರುವುದು ಮೇಲಿನ ಸಣ್ಣ ಅಕ್ಷರಗಳಷ್ಟೇ. ಅದೇ ಎರಡನ್ನು ಮರದಲ್ಲಿ ಮಾಡಿ ಕೊಟ್ಟಿದ್ದರೆ, ಕಣ್ಣು ಮುಚ್ಚಿ ಮುಟ್ಟಿಯೂ ಆ ಕೈ ತಪ್ಪುತ್ತಿರಲಿಲ್ಲ.

ಅವಳು ಮರಳಿ ಬಂದಾಗ ಬಸಲಿಂಗಪ್ಪನವರು ಹಾಳೆಯನ್ನು ಅವಳ ಮುಂದೆ ಇಟ್ಟರು. ಅವರಿಗೂ ತಿಳಿದಿತ್ತೆಂದು ಕಣ್ಣೇ ಹೇಳುತ್ತಿತ್ತು.

“ಹೇಳಿಕೆ ಬರಿ. ನಿನ್ನ ಮ್ಯಾಲ ಬಂದದ್ದನ್ನ ನೀನ ಬಿಡಿಸಬೇಕು. ಬಿಡಿಸೂದು ಬ್ಯಾಡ ಅಂದ್ರ, ಅದೂ ನಿನಗ ಬಿಟ್ಟಿದ್ದು.”

ಸುಮ್ಮನಿದ್ದರೆ ಕೆಡುವುದು ತನ್ನ ಹೆಸರು. ಬಾಯಿ ಬಿಟ್ಟರೆ ಒಡೆಯುವುದು ಈ ಮುದುಕರ ಎದೆ. ಫೋಟೋ ಅಳಿಸಿಬಿಟ್ಟರೆ? ಬೆರಳಿನ ಒಂದು ಒತ್ತು ಸಾಕು. ಆದರೆ ತಂದು ಕೊಟ್ಟವರು ಅವರೇ. ನ್ಯಾಯ ಬೇಡಿ ರಾತ್ರಿ ಅಷ್ಟು ದೂರ ಬಂದು, ನೀರೂ ಮುಟ್ಟದೆ ಹೋದವರು.

ಅವಳು ಬರೆದಳು: ‘ಆ ದಿನ ಕಂಪ್ಯೂಟರಿಗೆ ಬೀಗ ಹಾಕದೆ ಎದ್ದು ಹೋದದ್ದು ನನ್ನ ತಪ್ಪು. ಮೂರು ದಿನ ಕೇಳಿದ ತಿದ್ದುಪಡಿಯನ್ನು ಮಾಡದೆ ಉಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಅಳತೆಯನ್ನು ಬದಲಿಸಿದ ಕೈ ನನ್ನದಲ್ಲ. ಅದು ಕೆಟ್ಟದ್ದು ಮಾಡಲು ಬಂದ ಕೈಯೂ ಅಲ್ಲ. ನನ್ನ ಕೆಲಸವನ್ನೇ ಮಾಡಲು ಬಂದದ್ದು.’ ಮುಂದಿನ ಸಾಲು ಹೆಸರಿನದು. ಅದನ್ನೂ ಬರೆದು, ಪೆನ್ನು ಕೆಳಗಿಟ್ಟಳು.

ಸರದಾರಸಾಬರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ರಾತ್ರಿ ‘ಬಾಯಾರ’ ಎಂದಿದ್ದ ದನಿ ಈಗ ಮೆತ್ತಗಾಗಿತ್ತು.

“ನೀ ಅಲ್ಲ ಅಂತ ನಿನ್ನ ಮುಖ ನೋಡಿದ್ರ ಗೊತ್ತಾಗತೈತಿ, ಬೇಟಿ. ರಾತ್ರಿ ಚಾ ಬ್ಯಾಡಂದೆ, ಮಾಫ್ ಮಾಡು. ನನಗ ಕನ್ನಡ ಓದಾಕ ಬರೂದಿಲ್ಲ. ಯಾರಂತ ನೀನ ಓದಿ ಹೇಳು.”

“ಚಾಚಾ…”

“ಅಂಜಬ್ಯಾಡ. ಎಂಥಾ ದೊಡ್ಡಾಂವ ಇದ್ರೂ ನಾ ಬಿಡೂದಿಲ್ಲ. ಪೂರಾ ಹೆಸರು ಹೇಳು, ಅಪ್ಪನ ಹೆಸರು ಹಚ್ಚಿ. ಮಗ ಕೇಳಿದ್ರ ನಾ ಹೇಳಬೇಕಲ್ಲ?”

ದಾನೇಶ್ವರಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೊನೆಯ ಸಾಲನ್ನು ಓದಿದಳು.

“ಶಾಕಿರ ಸರದಾರಸಾಬ ನದಾಫ.”