ಬ್ಯಾಟರಿಗೆ ಮೀನಿನ ಹಾರನ್ನು

ಮಹಾಬಲಣ್ಣ ಗೋವಾದಿಂದ ತಂದ ಹಳೇ ಲ್ಯಾಪ್‌ಟಾಪು ಎಷ್ಟು ಬಡಕಲಾಗಿತ್ತೆಂದರೆ, ವಿಂಡೋಸ್ ಹಾಕಿದರೆ ಏದುಸಿರು ಬಿಡುತ್ತಿತ್ತು. ಆಗ ನಾನು ಹಗಲು ಕುಮಟೆಯ ಅವನ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿ, ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ಸಿಕ್ಕಿದ ಸಿ.ಡಿ.ಯಿಂದ, ವಿಂಡೋಸ್ ಬದಲಿಗೆ, ತೀರ ಹಗುರವಾದ ಲಿನಕ್ಸ್ ಹಾಕಿಕೊಟ್ಟೆ. ಅದರಲ್ಲಿ ಗಡಿಯಾರವಿಲ್ಲ, ಅಂದದ ಚಿತ್ರಗಳಿಲ್ಲ, ಮೂಲೆಯಲ್ಲಿ ಬ್ಯಾಟರಿಯ ಗುರುತೂ ಇಲ್ಲ. ಬೇಡದ್ದನ್ನೆಲ್ಲ ಬಿಟ್ಟಿದ್ದರಿಂದಲೇ ಅದು ಓಡುತ್ತಿತ್ತು. ಬ್ಯಾಟರಿ ಮುಗಿದರೆ ಮಾತ್ರ ಹೇಳದೆ ಕೇಳದೆ ಕಣ್ಣು ಮುಚ್ಚುತ್ತಿತ್ತು.

ಹಳದೀಪುರದ ಒಂದು ಮನೆಯಲ್ಲಿ ಹಾಗೇ ಮುಚ್ಚಿತು. ಎಲ್ಲರೂ ಮದುವೆಯ ಫೋಟೋ ನೋಡುತ್ತಿದ್ದಾಗ, ತಾಳಿ ಕಟ್ಟಲು ಕೈ ಎತ್ತಿದ ಮದುಮಗ ಕೈ ಎತ್ತಿದಲ್ಲೇ ಕಪ್ಪಾಗಿ ಹೋದ. ಅವನ ಸೋದರತ್ತೆ ಅಪಶಕುನವೆಂದು ಅಳತೊಡಗಿದಳು. ವಾಪಸು ಬಂದು ಸ್ಟುಡಿಯೋದ ಬಾಗಿಲು ತೆಗೆಯುವಾಗ ಮಹಾಬಲಣ್ಣ ಹೇಳಿದ: "ದಿನೇಶ, ಇನ್ನೊಂದ್ಸಲ ಹಿಂಗಾದ್ರೆ ಇದು ಗೋವಾಕ್ಕೆ ವಾಪಸ್. ನೀನು ಮತ್ತೆ ಪಾಸ್‌ಪೋರ್ಟ್ ಫೋಟೋ ಕತ್ತರಿಸ್ತಾ ಕೂತ್ಕೊ."

ಕತ್ತರಿಯಿಂದ ಕಂಪ್ಯೂಟರಿಗೆ ನನಗೆ ಬಡ್ತಿ ಸಿಕ್ಕಿದ್ದು ಆಗಷ್ಟೇ. ಒಂದು ಸಣ್ಣ ಪ್ರೋಗ್ರಾಮ್ ಬರೆಯಲು ಕುಳಿತೆ. ಬ್ಯಾಟರಿ ಎಷ್ಟು ಉಳಿದಿದೆ ಎಂಬುದನ್ನು ಲಿನಕ್ಸ್ ಒಂದು ಫೈಲಿನಲ್ಲಿ ಬರೆದಿಡುತ್ತದೆ; ಯಾರೂ ಕೇಳದ್ದರಿಂದ ಯಾರಿಗೂ ಹೇಳುವುದಿಲ್ಲ. ನನ್ನ ಪ್ರೋಗ್ರಾಮು ಆಗಾಗ ಅದನ್ನು ಇಣುಕಿ ನೋಡಬೇಕು, ಶೇಕಡ ಹತ್ತಕ್ಕೆ ಇಳಿದರೆ ಎಚ್ಚರಿಸಬೇಕು, ಅಷ್ಟೆ. ಬರೆದು ಕ್ಲಾಸಿನ ಮಾಸ್ತರರಿಗೆ ತೋರಿಸಿದೆ. ಸರಿ ಇದೆ ಎಂದರು. ಅವರು ಸರಿಯಾಗಿ ನೋಡಿದರೋ ಇಲ್ಲವೋ ಎಂಬ ಅನುಮಾನಕ್ಕೆ ಮರುದಿನ ಮತ್ತೆ ತೋರಿಸಿದೆ.

ತೊಡಕಿದ್ದದ್ದು ಎಚ್ಚರಿಸುವುದು ಹೇಗೆ ಎಂಬಲ್ಲಿ. ಪರದೆಯ ಮೇಲೆ ಅಕ್ಷರ ಬರಿಸಿದರೆ ಮದುಮಗಳ ಮೂಗಿನ ಮೇಲೇ ಬರುತ್ತಿತ್ತು. ಬೀಪ್ ಶಬ್ದ ಮದುವೆ ಮನೆಯ ಗದ್ದಲದಲ್ಲಿ ಸೊಳ್ಳೆಗೆ ಸಮ. ಕೊನೆಗೆ ನನ್ನದೇ ಧ್ವನಿಯಲ್ಲಿ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ, ಬ್ಯಾಟರಿ ಬಹುಶಃ ಮುಗಿಯುತ್ತ ಬಂದಿದೆ, ದಯವಿಟ್ಟು ಗಮನಿಸಬೇಕು ಎಂದು ರೆಕಾರ್ಡ್ ಮಾಡಿದೆ. ಅದು ಕ್ಷಮೆ ಕೇಳಿ ಮುಗಿಸುವಷ್ಟರಲ್ಲಿ ಬ್ಯಾಟರಿಯೇ ಮುಗಿಯಿತು.

ಎಂಥ ಶಬ್ದ ಕೇಳಿದರೆ ನಮ್ಮ ಜನ ಕೂತಲ್ಲಿಂದ ಏಳುತ್ತಾರೆ ಎಂದು ಮಹಾಬಲಣ್ಣ ಯೋಚಿಸುತ್ತಿದ್ದಾಗ, ಕುಮಟೆಯಿಂದ ಕಾಗಾಲದವರೆಗೆ ಮೀನು ಮಾರುವ ವೆಂಕಟ ತನ್ನ ಎಂ-80 ಗಾಡಿಯ ರಬ್ಬರ್ ಹಾರನ್ನು ಒತ್ತುತ್ತ ಬಂದ. ಪೋಂ, ಪೋಂ. ಎದುರಿನ ದರ್ಜಿ ಅಳತೆ ತೆಗೆಯುತ್ತಿದ್ದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದ. ಗಿರಾಕಿಯೂ ಸೊಂಟಕ್ಕೆ ಸುತ್ತಿದ್ದ ಟೇಪಿನ ಸಮೇತ ಬಂದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಹಾರನ್ನು ರೆಕಾರ್ಡಾಯಿತು. ಪರೀಕ್ಷೆಗೆಂದು ಊದಿಸಿದಾಗ ಪಕ್ಕದ ಮನೆಯ ಬೆಕ್ಕು ಬಂದು ಲ್ಯಾಪ್‌ಟಾಪಿನ ಮುಂದೆ ಕುಳಿತಿತು. ಇಷ್ಟು ಸಾಕು ಎಂದ ಮಹಾಬಲಣ್ಣ. ಒಂದು ಬೆಕ್ಕಿನ ಮೇಲೆ ಇಷ್ಟು ಭಾರ ಹಾಕುವುದು ನನಗೆ ಸರಿ ಕಾಣಲಿಲ್ಲ.

ಮುಂದಿನದು ಕಾಗಾಲದ ಧನ್ಯಾಳ ಮದುವೆ. ಮದುವೆ ಮುಗಿದರೂ ನಂಟರಿನ್ನೂ ಹೋಗಿರದ ಒಂದು ಸಂಜೆ, ಜಗಲಿಯಲ್ಲಿ ಫೋಟೋ ತೋರಿಸಬೇಕಿತ್ತು. ಕರೆಂಟ್ ಇರಲಿಲ್ಲ. ಸೆಲ್ ಹಾಕುವ ಸ್ಪೀಕರ್ ಜೋಡಿಸಿದೆ. ಹಾರನ್ನು ಕೇಳಿದ ತಕ್ಷಣ ಮಹಾಬಲಣ್ಣ ಅಂಗಳದಲ್ಲಿದ್ದ ಓಮ್ನಿ ವ್ಯಾನನ್ನು ಚಾಲು ಮಾಡಿ, ಅದರಿಂದ ಲ್ಯಾಪ್‌ಟಾಪಿಗೆ ಕರೆಂಟು ಕೊಡಬೇಕೆಂದು ಮಾತಾಗಿತ್ತು. ಮೊದಲೇ ಚಾಲು ಮಾಡಿಡೋಣ ಎಂದರೆ ಪೆಟ್ರೋಲು ನಿನ್ನ ಮಾವ ಹಾಕ್ತಾನಾ ಎಂದು ಕೇಳಿದ್ದ. ನನಗಿನ್ನೂ ಮದುವೆಯಾಗಿರಲಿಲ್ಲ. ಕೀಲಿಕೈ ಅವನ ಕಿಸೆಯಲ್ಲಿತ್ತು.

ನಾನು ಗಮನಿಸದ ಸಂಗತಿಯೊಂದಿತ್ತು. ಮದುವೆಯ ದೇವರ ಕಾರ್ಯ ಶುರುವಾದಂದಿನಿಂದ ಆ ಮನೆಯಲ್ಲಿ ಮೀನು ಬೇಯಿಸುವಂತಿರಲಿಲ್ಲ. ಆ ಕಟ್ಟಳೆ ಮುಗಿದದ್ದು ಅಂದು ಬೆಳಿಗ್ಗೆ. ಇಡೀ ಜಗಲಿ ವಾರದಿಂದ ಕುಂಬಳಕಾಯಿ ಸಾಂಬಾರು ಉಂಡು ಕುಳಿತಿತ್ತು.

ಧಾರೆಯ ಫೋಟೋ ಬರುವಾಗ ಹಾರನ್ನು ಊದಿತು.

ಮೊದಲು ಎದ್ದವರು ಮದುಮಗಳ ಅಜ್ಜಿ ಈರಮ್ಮ, ಮೊಣಕಾಲು ನೋವೆಂದು ಧಾರೆಗೂ ಕುರ್ಚಿ ಬಿಡದಿದ್ದವರು. ಹೆಂಗಸರು ಪಾತ್ರೆ ಹಿಡಿದು, ಗಂಡಸರು ಬರಿಗೈಯಲ್ಲಿ ಅಂಗಳ ದಾಟಿ ಓಡಿದರು. ಮದುಮಗ ಹೊಸ ಅಳಿಯನಾದ್ದರಿಂದ ಸ್ವಲ್ಪ ಹೊತ್ತು ಸಂಕೋಚದಿಂದ ಕುಳಿತಿದ್ದು, ಆಮೇಲೆ ಓಡಿದ. ನಾನು ಓಮ್ನಿಯ ಸದ್ದಿಗೆ ಕಿವಿಗೊಟ್ಟೆ. ಸದ್ದಿಲ್ಲ. ಜಗಲಿಯ ಅಂಚಿಗೆ ಬಂದು ನೋಡಿದರೆ, ಮಹಾಬಲಣ್ಣ ಎಲ್ಲರಿಗಿಂತ ಮುಂದೆ ರಸ್ತೆಯಲ್ಲಿ ನಿಂತು, ಪ್ಲಾಸ್ಟಿಕ್ ಚೀಲವೊಂದನ್ನು ಕೊಡವಿ ಬಿಡಿಸುತ್ತಿದ್ದ.

"ಮಹಾಬಲಣ್ಣಾ, ಓಮ್ನಿ" ಎಂದು ಕೂಗಿದೆ.

"ತಡಿಯಾ ಮಾರಾಯಾ. ಎಂತ ಮೀನು ನೋಡ್ವ ಮೊದ್ಲು."

ನನ್ನ ಬೆನ್ನ ಹಿಂದೆ ಲ್ಯಾಪ್‌ಟಾಪು ಇನ್ನೊಮ್ಮೆ ಪೋಂ ಎಂದು ಕಣ್ಣು ಮುಚ್ಚಿತು.

ರಸ್ತೆಯಲ್ಲಿ ಮೀನಿರಲಿಲ್ಲ. ಪಾತ್ರೆಗಳೆಲ್ಲ ನನ್ನತ್ತ ತಿರುಗಿದವು. ನಾನು ಇದ್ದದ್ದನ್ನು ಇದ್ದ ಹಾಗೆ ವಿವರಿಸತೊಡಗಿದೆ. ಶೇಕಡ ಹತ್ತು ಎಂಬಲ್ಲಿಗೆ ಬಂದಾಗ ತಿರುವಿನಲ್ಲಿ ನಿಜವಾದ ಪೋಂ ಕೇಳಿತು. ತನ್ನ ದಾರಿಯಲ್ಲಿ ಬೇರೆ ಯಾರೋ ಹಾರನ್ನು ಊದಿದ್ದು ಕೇಳಿ ವೆಂಕಟ ಸಿಟ್ಟಿನಿಂದ ಗಾಡಿ ಓಡಿಸಿಕೊಂಡು ಬಂದಿದ್ದ. ಊದಿದವ ಯಾರೆಂದು ಕೇಳಿದ. ಅಷ್ಟರಲ್ಲಿ ಬುಟ್ಟಿಯೊಳಗೆ ಹತ್ತಾರು ಕೈಗಳಿದ್ದವು.

ಈರಮ್ಮ ಪಾತ್ರೆ ತುಂಬ ಬಂಗಡೆ ಮೀನಿನೊಂದಿಗೆ ಮರಳಿದರು. ಧಾರೆಯಲ್ಲೇ ಫೋಟೋ ನಿಂತಿತು, ಅಪಶಕುನವೆಂದು ತಿಳಿಯಬಾರದು ಎಂದು ಬೇಡಿಕೊಂಡೆ.

"ಅಪಶಕುನ ಎಂತಕೆ ತಮ್ಮಾ?" ಎಂದರು. "ಫೋಟೋ ನಾಳೆನೂ ಇರ್ತದೆ. ಬಂಗ್ಡೆ ಇರ್ತದಾ?"

ವಾಪಸು ಬರುವಾಗ ಓಮ್ನಿಯೊಳಗೆ ಮೀನಿನ ವಾಸನೆ. ಕತ್ತರಿಯ ಮಾತನ್ನು ಮಹಾಬಲಣ್ಣನಾಗಿ ಎತ್ತುವ ಮೊದಲೇ, ಹಾರನ್ನು ತೆಗೆದುಹಾಕುತ್ತೇನೆ, ಇನ್ನೊಂದು ಅವಕಾಶ ಕೊಡಬೇಕು ಎಂದೆ.

ಮಹಾಬಲಣ್ಣ ಚೀಲವನ್ನು ಒಮ್ಮೆ ಮುಟ್ಟಿ ನೋಡಿದ. "ಹಾರನ್ನು ಇರ್ಲಿ. ಹತ್ತಕ್ಕೆ ಬೇಡ, ಮೂವತ್ತಕ್ಕೆ ಊದ್ಸು. ಮೀನು ತಕಂಡು ಬರೂಕೆ ಟೈಮ್ ಬೇಕಲ."

ಮರುದಿನ ಹತ್ತನ್ನು ಅಳಿಸಿ ಮೂವತ್ತು ಬರೆದೆ. ಮಹಾಬಲಣ್ಣ ಮೀನಿಗೆ ಚೌಕಾಶಿ ಮಾಡುತ್ತ ನಿಲ್ಲುವ ರೀತಿ ನೆನಪಾಗಿ ನಲವತ್ತು ಮಾಡಿದೆ.